ಹುಂಜರಾಯರ ಹಿತ್ತಿಲು

ನಾಯಿ ಸಾಕಿದವರು ಗೇಟಿಗೆ ಒಂದು ಬೋರ್ಡನ್ನಾದರೂ ತೂಗುಹಾಕುತ್ತಾರೆ. ಹುಂಜ ಸಾಕಿದವರಿಗೆ ಆ ಕನಿಕರವೂ ಇಲ್ಲ. 'ಗೌಡ್ರೇ, ಇದ್ದೀರಾ?' ಅಂತ ಕೂಗುತ್ತ ಹಿತ್ತಿಲ ಕಡೆಯಿಂದ ಕಾಲಿಟ್ಟಿರೋ, ಗೌಡರಿಗಿಂತ ಮೊದಲು ತಿಪ್ಪೆಯ ಮರೆಯಿಂದ ಹುಂಜರಾಯರು ದಯಮಾಡಿಸುತ್ತಾರೆ. ನೆಟ್ಟಗೆ ಬರುವುದಿಲ್ಲ, ಒಂದು ರೆಕ್ಕೆ ಇಳಿಬಿಟ್ಟು ನೆಲ ಸವರಿಕೊಂಡು ಓರೆಯಾಗಿ ಬರುತ್ತಾರೆ. ನಡುವೆ ನಿಂತು ಇಲ್ಲದ ಕಾಳನ್ನು ಎರಡು ಸಲ ಕುಕ್ಕುತ್ತಾರೆ. 'ಪಾಪ, ಮೇಯ್ತಾ ಇದೆ' ಅಂದುಕೊಂಡು ನೀವು ಪಂಚೆ ಎತ್ತಿಕಟ್ಟುತ್ತೀರಿ. ಅದು ಅವರಿಗೂ ಅನುಕೂಲವೇ. ಕತ್ತಿನ ಗರಿಯನ್ನೆಲ್ಲ ಕೊಡೆಯ ಹಾಗೆ ಬಿಚ್ಚಿ, ಎರಡೂ ಕಾಲು ಮುಂದೆ ಮಾಡಿ ಮೊಣಕಾಲಿಗೆ ಹಾರುತ್ತಾರೆ. ಕೊಕ್ಕಿನ ಏಟು ಬರೀ ಪೀಠಿಕೆ. ಕಾಲಿನ ಹಿಂದೆ ಒಂದು ಮುಳ್ಳಿದೆಯಲ್ಲ, ವಿಷಯ ಇರುವುದು ಅಲ್ಲಿ.

ಹೊಟ್ಟೆ ಉರಿಸುವ ಸಂಗತಿ ಏನೆಂದರೆ ರಾಯರು ಎಲ್ಲರ ಮೇಲೂ ಬೀಳುವುದಿಲ್ಲ. ಮೀಟರ್ ಓದಲು ಬಂದವರು, ಪೋಸ್ಟ್‌ಮ್ಯಾನ್, ಯುಗಾದಿಗೆ ಬೆಂಗಳೂರಿನಿಂದ ಬಂದ ಅಳಿಯಂದಿರು, ಇವರನ್ನು ಕಂಡರೆ ಸುತರಾಂ ಆಗದು. ಮನೆಯ ಅಜ್ಜಿ ಬಂದರೆ ಮಾತ್ರ ಪಕ್ಕಕ್ಕೆ ಸರಿದು ದಾರಿ ಬಿಡುತ್ತಾರೆ. ಆಫೀಸಿನಲ್ಲಿ ಅಳಿಯಂದಿರ ಕೈಕೆಳಗೆ ಎಷ್ಟು ಜನ ಇದ್ದಾರೆ ಅಂತ ರಾಯರಿಗೆ ಯಾರು ಹೇಳಬೇಕು? ಹೇಳಿದರೂ ಕೇಳುವ ಪೈಕಿ ಅಲ್ಲ. ಅವರ ದಫ್ತರದಲ್ಲಿ ಅಳಿಯಂದಿರೆಂದರೆ ಜುಟ್ಟಿಲ್ಲದ, ಗರಿ ಉದುರಿದ, ಬಹಳ ಎತ್ತರದ ಇನ್ನೊಂದು ಹುಂಜ. ಅದೂ ಅಪ್ಪಣೆ ಕೇಳದೆ ಹ್ಯಾಟೆಗಳ ನಡುವೆ ನುಗ್ಗಿದ್ದು!

ಕೋಳಿಗಳಲ್ಲಿ ಯಾರು ಯಾರಿಗೆ ಕುಕ್ಕಬೇಕು ಎನ್ನುವುದಕ್ಕೆ ಒಂದು ಸೀನಿಯಾರಿಟಿ ಪಟ್ಟಿಯೇ ಇದೆ. ನಾರ್ವೆಯ ಥೋರ್ಲೈಫ್ ಶೆಲ್ಡರುಪ್-ಎಬ್ಬೆ ಎಂಬಾತ ಹುಡುಗನಾಗಿದ್ದಾಗಿನಿಂದ ಕೋಳಿಗಳನ್ನೇ ನೋಡುತ್ತ ಕೂತು, 1920ರ ದಶಕದಲ್ಲಿ ಇದನ್ನು ಲೋಕಕ್ಕೆ ತಿಳಿಸಿದ. ಬೆಳಗಿನ ಜಾವದ ಕೂಗಿಗೂ ಸರದಿ ಉಂಟು. ಜಪಾನಿನ ನಗೋಯಾ ವಿಶ್ವವಿದ್ಯಾಲಯದವರು ಪರೀಕ್ಷೆ ಮಾಡಿ 2015ರಲ್ಲಿ ಬರೆದಂತೆ, ಗುಂಪಿನ ಹಿರಿಯ ಹುಂಜ ಮೊದಲು ಕೂಗುತ್ತದೆ, ಉಳಿದವು ತಂತಮ್ಮ ದರ್ಜೆಯ ಪ್ರಕಾರ ಆಮೇಲೆ. ನಮ್ಮ ಹಳೆಯ ಜನಪದ ಕಥೆಯ ಮುದುಕಿ ತನ್ನ ಕೋಳಿ ಕೂಗಿದರೇ ಬೆಳಗಾಗುವುದು ಅಂತ ಜಂಬ ಪಟ್ಟಿದ್ದಳು. ಪುಣ್ಯಕ್ಕೆ ಹುಂಜಗಳಿಗೂ ಅದೇ ಜಂಬ ಇದೆ ಅಂತ ಅವಳಿಗೆ ಗೊತ್ತಾಗಲಿಲ್ಲ.

ಇಂಥ ಸಭೆಗೆ ಹೋದಾಗ ಗಂಡಸರು ಎರಡೇ ಕೆಲಸ ಮಾಡುತ್ತಾರೆ: ಓಡುತ್ತಾರೆ, ಇಲ್ಲವೇ ಒದೆಯುತ್ತಾರೆ. ಓಡಿದರೆ ರಾಯರು ಗೆದ್ದಂತೆ. ನಾಳೆ ಇನ್ನೂ ಹತ್ತು ಮಾರು ಮುಂದೆ ಬಂದು ಕಾಯುತ್ತಾರೆ. ಒದ್ದರೆ ಕುಸ್ತಿಗೆ ಒಪ್ಪಿದಂತೆ. ನಾಳೆ ತಯಾರಾಗಿಯೇ ಬರುತ್ತಾರೆ. ಅಜ್ಜಿಯನ್ನು ನೋಡಿ. ನುಚ್ಚಿನ ಮೊರ ಹಿಡಿದು, ಯಾರೂ ಇಲ್ಲವೇ ಇಲ್ಲ ಎನ್ನುವಂತೆ ನೇರವಾಗಿ ನಡೆಯುತ್ತಾಳೆ. ಅಡ್ಡ ಬಂದರೆ ನಿಲ್ಲುವುದೂ ಇಲ್ಲ, ಸುತ್ತಿಕೊಂಡು ಹೋಗುವುದೂ ಇಲ್ಲ. ತೀರಾ ಹಾರಾಡಿದರೆ ರೆಕ್ಕೆ ಸೇರಿಸಿ ಹಿಡಿದು ಕಂಕುಳಲ್ಲಿ ಇರುಕಿಕೊಂಡು, ಹಂಗೇ ಬಚ್ಚಲು ಒಲೆಗೆ ಸೌದೆ ತುಂಬಿ, ಪಕ್ಕದ ಮನೆಯವರ ಹತ್ತಿರ ಮಾತಾಡಿ ಬರುತ್ತಾಳೆ. ಹ್ಯಾಟೆಗಳೆಲ್ಲ ನೋಡುತ್ತಿರುವಾಗ ಕಂಕುಳಲ್ಲಿ ಕೂತಿರುವ ರಾಯರ ಮುಖ ನೋಡಬೇಕು ನೀವು! ಕೊಸರಾಟ ನಿಂತ ಮೇಲೇ ಕೆಳಗೆ ಬಿಡುವುದು. 'ಓಡ್ಬ್ಯಾಡ ಕಣಪ್ಪ, ನಿನ್ ಕೆಲ್ಸ ನೀನ್ ನೋಡ್ಕೊ' ಎನ್ನುವುದಿಷ್ಟೇ ಅವಳ ಶಾಸ್ತ್ರ.

ಚಿಕ್ಕ ಮಕ್ಕಳ ವಿಷಯದಲ್ಲಿ ಮಾತ್ರ ತಮಾಷೆ ಬೇಡ. ರಾಯರು ಹಾರುವ ಎತ್ತರದಲ್ಲೇ ಮಕ್ಕಳ ಕಣ್ಣಿರುತ್ತದೆ. ಮುಳ್ಳು ತಾಗಿ ಗಾಯವಾದರೆ ಸೋಪು ಹಾಕಿ ತೊಳೆದು, ಟಿಟಿ ಇಂಜೆಕ್ಷನ್ ಬೇಕೇ ಅಂತ ಡಾಕ್ಟರನ್ನು ಕೇಳಿಬಿಡಿ. ಇನ್ನೊಂದು ವಿಚಿತ್ರ ಕೇಳಿ: ಅದೇ ಮಕ್ಕಳು ತೊಡೆ ಮೇಲೆ ಕೂರಿಸಿಕೊಂಡು ಮುದ್ದು ಮಾಡಿ ಬೆಳೆಸಿದ ಮರಿ, ಆರು ತಿಂಗಳಾಗುತ್ತಲೂ ದೊಡ್ಡ ರೌಡಿ ಆಗುವುದುಂಟು. ಮನುಷ್ಯರ ಭಯ ಹೋದಮೇಲೆ ಮನುಷ್ಯರೂ ಪಟ್ಟಿಗೆ ಸೇರುತ್ತಾರಲ್ಲ!

ಹಾಗಂತ ರಾಯರು ದಂಡಪಿಂಡ ಅನ್ನಬೇಡಿ. ಮೊಟ್ಟೆಗೆ ಅವರ ಹಂಗಿಲ್ಲ ನಿಜ, ಮರಿಗೆ ಉಂಟು. ಎಂಟು-ಹತ್ತು ಹ್ಯಾಟೆಗೆ ಒಬ್ಬರು ಸಾಕು. ಎರಡು-ಮೂರಕ್ಕೆ ಒಬ್ಬರಾದರೆ ಹ್ಯಾಟೆಗಳ ಬೆನ್ನಿನ ಗರಿ ಉಳಿಯುವುದಿಲ್ಲ. ಹುಳ ಸಿಕ್ಕರೆ ತಾವು ನುಂಗದೆ 'ಕೊಕ್ ಕೊಕ್' ಅಂತ ಮನೆಮಂದಿಯನ್ನು ಕರೆಯುತ್ತಾರೆ. ಮೇಲೆ ಹದ್ದು ಸುಳಿದರೆ ಒಂದು ಕೂಗು, ನೆಲದಲ್ಲಿ ಮುಂಗುಸಿ ಬಂದರೆ ಬೇರೆಯೇ ಕೂಗು. ಕಷ್ಟ ಏನೆಂದರೆ, ಮುಂಗುಸಿಗೂ ಮೀಟರ್ ರೀಡರಿಗೂ ಅವರು ವ್ಯತ್ಯಾಸ ಮಾಡುವುದಿಲ್ಲ.

ಸಾಗಹಾಕೋಣ ಅಂದರೆ ಸುಲಭವೇ? ಜಗಳಗಂಟ ತಾನೆ, ಕೋಳಿ ಪಂದ್ಯಕ್ಕೆ ಬಿಡೋಣ ಎನ್ನುವ ಹಾಗಿಲ್ಲ, 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಅಡ್ಡ ಬರುತ್ತದೆ. ಮಾರಮ್ಮನಿಗೆ ಹರಕೆ ಹೊತ್ತು ಬಿಟ್ಟ ಹುಂಜವಾದರಂತೂ ಮುಗಿಯಿತು. ಹಬ್ಬದವರೆಗೆ ಅದನ್ನು ಮಾರುವಂತಿಲ್ಲ, ಕೊಯ್ಯುವಂತಿಲ್ಲ, ಹೊಡೆಯಲು ಕೈಯೆತ್ತಿದರೆ 'ಅಮ್ಮಂದು ಕಣೋ' ಅಂತ ಒಳಗಿನಿಂದ ಕೂಗು. ಸಂತೆಯಲ್ಲಿ ಮಾರಿದರೆ ಕೊಂಡವರು ವಾಪಸ್ ತರುತ್ತಾರೆ, ಕಾಲಿಗೆ ಬ್ಯಾಂಡೇಜು ಸುತ್ತಿಕೊಂಡು.

ಇಷ್ಟಕ್ಕೂ ರಾಯರನ್ನು ತಯಾರು ಮಾಡಿದವರು ಯಾರು ಗೊತ್ತೇ? ನಾವೇ. ಹೊಸತೊಡಕಿನ ದಿನ ಇದ್ದಕ್ಕಿದ್ದಂತೆ ಬೀಗರು ಬರುತ್ತಾರೆ. ಯಾವ ಹುಂಜ ಕೊಯ್ಯೋಣ? ಕರೆದರೆ ಕಾಲ ಬಳಿ ಬಂದು ನಿಲ್ಲುವ ಸಾಧು ಹುಂಜ ಕೈಗೆ ಸಿಗುತ್ತದೆ. ಮುದ್ದೆಯ ಪಕ್ಕ ಸಾರಾಗುತ್ತದೆ. ರೌಡಿಯ ತಂಟೆಗೆ ಹೋಗಿ ಕೈ ಪರಚಿಸಿಕೊಳ್ಳುವವರಾರು? ಸಿಕ್ಕವನು ಸಾರಾದ, ಸಿಗದವನು ಅಪ್ಪನಾದ. ಗುಣ ರಕ್ತದಲ್ಲೇ ಇಳಿಯುತ್ತದೆ. ಮುಂದಿನ ವರ್ಷ ಹಿತ್ತಿಲ ತುಂಬ ಅಪ್ಪನ ಮಕ್ಕಳೇ. ಅಸೀಲ್ ತಳಿಯ ನೆತ್ತರು ಒಂದಿಷ್ಟು ಬೆರೆತಿದ್ದರೆ ಕೇಳುವುದೇ ಬೇಡ.

ಆದ್ದರಿಂದ ಸಾಧು ಹುಂಜವನ್ನು ಹ್ಯಾಟೆಗಳಿಗೆ ಬಿಡಿ, ರಾಯರನ್ನು ಒಲೆಗೆ ಬಿಡಿ. ರಾತ್ರಿ ಕತ್ತಲಲ್ಲಿ ಗೂಡಿಗೆ ಕೈ ಹಾಕಿದರೆ ಎಂಥ ರಾಯರೂ ಮೆತ್ತಗೆ. ವಯಸ್ಸಾದ ಮಾಂಸ, ಬೇಯಲು ಹೊತ್ತು ಹಿಡಿಯುತ್ತದೆ; ಕೊನೆಯ ತುಂಡಿನವರೆಗೂ ಹಲ್ಲಿನ ಮೇಲೆ ಯುದ್ಧ ಸಾರುತ್ತದೆ. ಸಾರಿಗೆ ಮಾತ್ರ ಅದರ ರುಚಿಯೇ ಬೇರೆ. ಕೋಳೀನ ಕೇಳಿ ಮಸಾಲೆ ಅರೆಯಬಾರದು, ಒಪ್ಪಿದೆ. ಆದರೆ ಯಾವ ಕೋಳಿಗೆ ಅರೆಯಬೇಕು ಅಂತ ಪೋಸ್ಟ್‌ಮ್ಯಾನನ್ನು ಒಂದು ಮಾತು ಕೇಳುವುದರಲ್ಲಿ ತಪ್ಪೇನಿದೆ?