ಲೇಬಲ್ ಮೀಮಾಂಸೆ

ಸೂತ್ರ: ಕತ್ತಿನ ಹಿಂದೆ ಚೀಟಿ, ಚೀಟಿಯ ಹಿಂದೆ ದೇಶ, ದೇಶದ ಹಿಂದೆ ಬೆಲೆ.

ಭಾಷ್ಯ: ಹಳೆಯ ಕಾಲದ ಮಾದರಿಯಲ್ಲಿ ಹೊಸದಾಗಿ ಹೊಲಿದ ಉಡುಪನ್ನು ಕೊಳ್ಳುವ ರಸಿಕರಲ್ಲಿ ಮೂರು ಮತಗಳಿವೆ. ಉಡುಪಿನ ಗುಣವೆಲ್ಲ ಅದು ಹುಟ್ಟಿದ ದೇಶದಲ್ಲಿದೆ ಎನ್ನುವವರು ಚೀಟಿವಾದಿಗಳು. ಅಂಗಡಿ ಹೊಕ್ಕೊಡನೆ ಅಂಗಿಯ ಕಾಲರ್ ಹಿಡಿದು ಯಾವೂರೆಂದು ವಿಚಾರಿಸುತ್ತಾರೆ. ಒಳಮಗ್ಗುಲು ತಿರುವಿ ನೋಡುವವರು ಹೊಲಿಗೆವಾದಿಗಳು. ಎರಡನ್ನೂ ಒಪ್ಪಿ, ಆಷಾಢದ ರಿಯಾಯಿತಿ ಬರುವವರೆಗೆ ಏನನ್ನೂ ಕೊಳ್ಳದವರು ಮೂರನೆಯವರು. ಅನುಯಾಯಿಗಳ ಸಂಖ್ಯೆಯಲ್ಲಿ ಇವರೇ ಮುಂದು, ಆದರೆ ಗ್ರಂಥ ಬರೆಯುವ ವ್ಯವಧಾನ ಇವರಿಗಿಲ್ಲ.

ವಿಷಯ: ನೀಲಿ ಜೀನ್ಸ್.

ಪೂರ್ವಪಕ್ಷ: ಜೀನ್ಸ್ ಅಮೆರಿಕದ್ದು, ಆದಕಾರಣ ಅಮೆರಿಕದಲ್ಲಿ ಹೊಲಿದದ್ದೇ ಜೀನ್ಸ್, ಮಿಕ್ಕದ್ದೆಲ್ಲ ಬರೀ ಪ್ಯಾಂಟು. ಕೇಳಲು ಸೊಗಸು. ಆದರೆ ಜೇಬಿನ ಮೂಲೆಗೆ ರಿವೆಟ್ ಬಡಿಯುವ ಉಪಾಯಕ್ಕೆ 1873ರ ಮೇ 20ರಂದು ಪೇಟೆಂಟ್ ಸಿಕ್ಕಿತಲ್ಲ, ಅದರ ಹಿಂದಿದ್ದ ಇಬ್ಬರಲ್ಲಿ ದರ್ಜಿ ಜೇಕಬ್ ಡೇವಿಸ್ ಹುಟ್ಟಿದ್ದು ರಿಗಾದಲ್ಲಿ, ಬಟ್ಟೆ ವ್ಯಾಪಾರಿ ಲೆವಿ ಸ್ಟ್ರಾಸ್ ಹುಟ್ಟಿದ್ದು ಬವೇರಿಯಾದಲ್ಲಿ. ಚೀಟಿವಾದವನ್ನು ಮನುಷ್ಯರಿಗೂ ಅನ್ವಯಿಸಿದರೆ ಮೊಟ್ಟಮೊದಲ ಜೀನ್ಸೇ ಆಮದು ಮಾಲು. ಬಣ್ಣದ ಗೋತ್ರವೂ ಅಷ್ಟೇ. ನೀಲಿ ಬಹುಕಾಲ ನಮ್ಮ ದೇಶದಿಂದ ಹಡಗು ಹತ್ತುತ್ತಿತ್ತು. 1897ರಲ್ಲಿ ಜರ್ಮನಿಯ ಬಿಎಎಸ್‌ಎಫ್ ಕೃತಕ ನೀಲಿಯನ್ನು ಮಾರುಕಟ್ಟೆಗೆ ಬಿಟ್ಟ ಮೇಲೆ ಅದನ್ನು ಬೇರೆಯವರು ದತ್ತು ತೆಗೆದುಕೊಂಡರು.

ಸಂಶಯ: ನಾರ್ತ್ ಕ್ಯಾರೊಲಿನಾದ ಗ್ರೀನ್ಸ್‌ಬರೊದಲ್ಲಿ 1905ರಿಂದ ನಡೆದಿದ್ದ, ಜೀನ್ಸ್ ಬಟ್ಟೆ ನೇಯುವ ವೈಟ್ ಓಕ್ ಗಿರಣಿ 2017ರ ಕೊನೆಗೆ ಮುಚ್ಚಿತು. ಚೀಟಿವಾದಿಗಳ ಮನೆಯಲ್ಲಿ ಸೂತಕ. ಅಷ್ಟು ಹೊತ್ತಿಗೆ ಜಪಾನಿನ ಒಕಾಯಾಮಾ ಪ್ರಾಂತ್ಯದ ಕೊಜಿಮಾ ಎಂಬ ಊರು, ಹಿಂದೆ ಶಾಲಾ ಸಮವಸ್ತ್ರ ಹೊಲಿಯುತ್ತಿದ್ದದ್ದು, ಅಮೆರಿಕದ ಹಳೆಯ ಜೀನ್ಸನ್ನು ದಾರ ದಾರವಾಗಿ ಬಿಚ್ಚಿ ಅಧ್ಯಯನ ಮಾಡಿ ಮರುಸೃಷ್ಟಿಸುವುದರಲ್ಲಿ ಪಳಗಿಬಿಟ್ಟಿತ್ತು. ಈಗ ಅಮೆರಿಕದವರು ಅಮೆರಿಕದ ಪ್ಯಾಂಟನ್ನು ಜಪಾನಿನಿಂದ ತರಿಸುತ್ತಾರೆ. ತಮ್ಮ ತಾತನ ಶ್ರಾದ್ಧವನ್ನು ಪಕ್ಕದ ಮನೆಯವರು ಹೆಚ್ಚು ಶಾಸ್ತ್ರೋಕ್ತವಾಗಿ ಮಾಡುವುದನ್ನು ಕಂಡು ದಕ್ಷಿಣೆ ಕೊಟ್ಟು ಬಂದ ಹಾಗೆ.

ಆಗ ಚೀಟಿವಾದಿಗಳು ಏನು ಮಾಡಿದರು? ತಪ್ಪೊಪ್ಪಿಕೊಂಡರೆ? ಇಲ್ಲ. ಚೀಟಿ ಬದಲಿಸಿದರು. ಜಪಾನಿನದಾದರೆ ಸರಿ, ಮಿಕ್ಕದ್ದು ಕಸ ಎಂಬ ಹೊಸ ಶ್ರುತಿ ಹೊರಟಿತು. ಇದಕ್ಕೆ ಪೂರ್ವನಿದರ್ಶನವಿದೆ. 1887ರಲ್ಲಿ ಬ್ರಿಟನ್ನಿನವರು ವಿದೇಶಿ ಸರಕಿಗೆ ದೇಶದ ಗುರುತು ಕಡ್ಡಾಯ ಮಾಡಿದ್ದು ಜರ್ಮನಿಯ ಅಗ್ಗದ ಮಾಲಿನ ಮಾನ ಕಳೆಯಲು. ಕೆಲವೇ ವರ್ಷಗಳಲ್ಲಿ ಗಿರಾಕಿಗಳು ಆ ಗುರುತನ್ನೇ ಹುಡುಕಿಕೊಂಡು ಬರತೊಡಗಿದರು.

ಸಿದ್ಧಾಂತ: ಪ್ಯಾಂಟನ್ನು ತಿರುವಿ ಹಾಕಿ. ಹೊರಬದಿಯ ಹೊಲಿಗೆಯಲ್ಲಿ ಬಟ್ಟೆಯ ಸ್ವಂತ ಅಂಚು ಕಾಣಬೇಕು, ಸಾಮಾನ್ಯವಾಗಿ ಒಂದು ಕೆಂಪು ಎಳೆಯೊಂದಿಗೆ. ಹಳೆಯ ಮಗ್ಗದಲ್ಲಿ ಲಾಳಿ ಹೊಕ್ಕುನೂಲನ್ನು ಕಡಿಯದೆ ಅತ್ತಿಂದಿತ್ತ ಒಯ್ಯುವುದರಿಂದ ಅಂಚು ತಾನೇ ಮುಚ್ಚಿಕೊಳ್ಳುತ್ತದೆ. ಲಾಳಿಯಿಲ್ಲದ ಹೊಸ ಮಗ್ಗ ಪ್ರತಿ ಸಲ ನೂಲು ಕಡಿಯುತ್ತದೆ, ಅಂಚು ಬಿಡುತ್ತದೆ, ಓವರ್‌ಲಾಕ್ ಹೊಡೆಯಬೇಕು. ಹಳೆಯ ಮಗ್ಗದ ಪನ್ನ ಕಿರಿದು, ವೇಗ ಕಡಿಮೆ, ಬಟ್ಟೆಯಲ್ಲಿ ಸಣ್ಣಪುಟ್ಟ ಏರುತಗ್ಗು. ಇವೆಲ್ಲ ಆ ಕಾಲದ ಗಿರಣಿಯ ಮೇಸ್ತ್ರಿಗೆ ಬೈಗುಳದ ವಿಷಯಗಳು. ಈಗ ಇವಕ್ಕೆ ಲಕ್ಷಣವೆಂದು ಹೆಸರು, ಬೆಲೆಯೂ ಬೇರೆ.

ಇನ್ನು ಕೆಳಗಿನ ಮಡಿಕೆ. ಅದು ಸರಪಳಿ ಹೊಲಿಗೆಯಾಗಿರಬೇಕು, ಅದೂ ಅಮೆರಿಕದ ಹಳೆಯ ಯೂನಿಯನ್ ಸ್ಪೆಷಲ್ 43200ಜಿ ಯಂತ್ರದಲ್ಲಿ ಹಾಕಿದ್ದು. ಆ ಯಂತ್ರ ಬಟ್ಟೆಯನ್ನು ತುಸು ಓರೆಯಾಗಿ ಎಳೆಯುತ್ತದೆ; ಒಗೆದ ಮೇಲೆ ಮಡಿಕೆ ಹಗ್ಗದಂತೆ ತಿರುಚಿಕೊಂಡು ಮಾಸುತ್ತದೆ. ಕೊಜಿಮಾದ ಪಂಡಿತರು ಈ ದೋಷಕ್ಕಾಗಿಯೇ ಆ ಯಂತ್ರವನ್ನು ಸಾಕಿಕೊಂಡಿದ್ದಾರೆ. ಅಲ್ಲಿಗೆ ಮಗ್ಗ ಜಪಾನಿನದು, ಹೊಲಿಗೆಯಂತ್ರ ಅಮೆರಿಕದ್ದು, ಹತ್ತಿ ಇನ್ನೆಲ್ಲಿಯದೋ. ಇಷ್ಟನ್ನೂ ಬರೆಯಲು ಚೀಟಿಯಲ್ಲಿ ಜಾಗವಿಲ್ಲ, ಆದ್ದರಿಂದ ದೇಶದ ಹೆಸರೊಂದನ್ನು ಬರೆದು ಮುಗಿಸುತ್ತಾರೆ.

ಸ್ವಿಟ್ಜರ್ಲೆಂಡಿನವರು ಈ ತೊಡಕನ್ನು ಲೆಕ್ಕದಿಂದ ಬಿಡಿಸಿದ್ದಾರೆ: 2017ರಿಂದ, ಸ್ವಿಸ್ ಎಂಬ ಚೀಟಿ ಬೇಕಾದರೆ, ಗಡಿಯಾರದ ತಯಾರಿಕಾ ವೆಚ್ಚದಲ್ಲಿ ಶೇಕಡಾ 60ರಷ್ಟಾದರೂ ಅಲ್ಲೇ ಆಗಿರಬೇಕು. ಉಳಿದದ್ದು ಎಲ್ಲಿಯದೆಂದು ಗಡಿಯಾರ ಹೇಳುವುದಿಲ್ಲ, ಟೈಮು ಮಾತ್ರ ಹೇಳುತ್ತದೆ.

ಆಕ್ಷೇಪ: ಹಾಗಾದರೆ ನಮ್ಮ ಎಚ್‌ಎಂಟಿ? ಉತ್ತರ: 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಬೆಂಗಳೂರಿನಲ್ಲಿ ಶುರುವಾದ ಆ ವಾಚುಗಳಲ್ಲಿ ಎಷ್ಟೋ ಈಗ ಹೊಸ ಡಯಲ್ ಬಳಿಸಿಕೊಂಡು ಹಳತೆಂದು ಮಾರಾಟವಾಗುತ್ತಿವೆ. ಒಳಗಿನ ಯಂತ್ರ ಅಪ್ಪಟ ಬೆಂಗಳೂರು. ಮುಖದ ಬಣ್ಣ ಮಾತ್ರ ಆ ಕಾರ್ಖಾನೆ ಕನಸಿನಲ್ಲೂ ಕಾಣದ ನವಿಲುನೀಲಿ. ಇಲ್ಲಿ ಚೀಟಿವಾದಿ ಗೆಲ್ಲುತ್ತಾನೆ, ಆದರೂ ವಾಚು ಅವನದೇ ಕೈಯಲ್ಲಿರುವುದರಿಂದ ಖುಷಿಪಡುವಂತಿಲ್ಲ.

ಫಲಶ್ರುತಿ: ಈ ಮೀಮಾಂಸೆಯನ್ನು ಟ್ರಯಲ್ ರೂಮಿನಲ್ಲಿ ಒಂಟಿಕಾಲಲ್ಲಿ ನಿಂತು ಪಠಿಸಿದವರ ಜಿಪ್ಪು ಸಿಕ್ಕಿಕೊಳ್ಳುವುದಿಲ್ಲ. ಕೇಳಿದವರಿಗೆ ಸೊಂಟದಲ್ಲಿ ಒಂದಂಗುಲ ಸಡಿಲ. ಕಾಲುದ್ದ ಹೆಚ್ಚಾದರೆ ಪ್ರಾಯಶ್ಚಿತ್ತಾರ್ಥವಾಗಿ ಬೀದಿ ಕೊನೆಯ ಆಲ್ಟರೇಶನ್ ಅಂಗಡಿಗೆ ಹೋಗತಕ್ಕದ್ದು. ಅಲ್ಲಿಯ ಟೈಲರು ಕೊಜಿಮಾದ ಸರಪಳಿ ಹೊಲಿಗೆಯನ್ನು ಕೆಂಪು ಅಂಚಿನ ಸಮೇತ ಮೂರಂಗುಲ ಕತ್ತರಿಸಿ, ಬುಟ್ಟಿಗೆ ಹಾಕಿ, ತನ್ನ ಯಂತ್ರದಲ್ಲಿ ಎರಡು ಸಾಲು ನೇರ ಹೊಲಿಗೆ ಹೊಡೆದು ಕೊಡುತ್ತಾರೆ. ಸರಪಳಿ ಹೊಲಿಗೆ, ಅಕ್ಕಿ ಮೂಟೆಯ ಬಾಯಿಯದರಂತೆಯೇ, ಒಂದು ತುದಿ ಸಿಕ್ಕರೆ ಸರ್ರನೆ ಬಿಚ್ಚಿಕೊಳ್ಳುತ್ತದೆ. ಇದು ಬಿಚ್ಚುವುದಿಲ್ಲ.