ವ್ಯತ್ಯಾಸ ಗೊತ್ತಾಯ್ತಾ?

ಒಬ್ಬ ಗೃಹಸ್ಥರು ಬಲಗೈಯಲ್ಲಿ ಚೀನೀ ಹೋಟೆಲಿನ ಚಾಪ್‌ಸ್ಟಿಕ್ ಹಿಡಿದು, ಎಡಗೈಯನ್ನು ಪ್ಯಾಂಟಿನ ಜೇಬಿಗೆ ತುರುಕಿ, ಉಸಿರು ಬಿಗಿಹಿಡಿದು ಒಂದು ಪೆಟ್ಟಿಗೆಯ ಬೆನ್ನೊಳಗೆ ಇಣುಕುತ್ತಿದ್ದರೆ ಗಾಬರಿಯಾಗಬೇಡಿ. ಅವರು ಹಳೇ ವಾಲ್ವ್ ಗಿಟಾರ್ ಆಂಪ್ಲಿಫೈಯರಿನ ಯಜಮಾನರು. ಚಾಪ್‌ಸ್ಟಿಕ್ಕು, ಸಾಲ್ಡರ್ ಬಿಟ್ಟ ಜಾಗವನ್ನು ತಟ್ಟಿ ತಟ್ಟಿ ಹುಡುಕುವುದಕ್ಕೆ. ಮರದ್ದಾದ್ದರಿಂದ ಶಾಕ್ ಹೊಡೆಯುವುದಿಲ್ಲ. ಜೇಬಿನಲ್ಲಿರುವ ಕೈ, ಜೀವ ಉಳಿಸಿಕೊಳ್ಳುವುದಕ್ಕೆ. ಒಳಗೆ 400 ವೋಲ್ಟಿಗೂ ಮಿಕ್ಕಿದ ಡಿ.ಸಿ. ಇರುತ್ತದೆ. ಪ್ಲಗ್ ಕಿತ್ತ ಮೇಲೂ ಅದು ಕೆಪಾಸಿಟರುಗಳಲ್ಲಿ ಹೊಂಚು ಹಾಕಿ ಕೂತಿರುತ್ತದೆ. ಎರಡೂ ಕೈ ಒಳಗಿಟ್ಟರೆ, ಒಂದು ಕೈಯಲ್ಲಿ ಹೊಕ್ಕ ಕರೆಂಟು ಎದೆ ಹಾದು ಇನ್ನೊಂದು ಕೈಯಲ್ಲಿ ಹೊರಡಬಹುದು. ಇಷ್ಟೆಲ್ಲ ಗೊತ್ತಿದ್ದೂ, ಭಾನುವಾರ ಕಾಫಿ ಕುಡಿದ ಕೂಡಲೇ ಅವರು ಮಾಡುವ ಮೊದಲ ಕೆಲಸ ಅದನ್ನು ಬಿಚ್ಚುವುದು.

ಈ ಜಾತಿಯವರು ಪ್ರಪಂಚದ ತುಂಬಾ ಇದ್ದಾರೆ. ನನಗೆ ಹತ್ತಿರದಿಂದ ಗೊತ್ತಿರುವುದು ಒಬ್ಬರೇ, ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿರುವ ನಮ್ಮ ಭಾವ. ಅಕ್ಕನ ಗಂಡ, ವಯಸ್ಸಿನಲ್ಲಿ ದೊಡ್ಡವರು, ಸಾಲದ್ದಕ್ಕೆ ಈ ದೇಶಕ್ಕೆ ಬಂದ ಹೊಸತರಲ್ಲಿ ಅವರ ಸೋಫಾದ ಮೇಲೆ ಮಲಗಿ ಅವರ ಮನೆಯ ಅನ್ನ ಉಂಡವನು ನಾನು. ಎದುರು ಮಾತಾಡುವ ಹಾಗಿಲ್ಲ. ಬರೆಯಬಹುದು; ಅವರು ಕನ್ನಡ ಪತ್ರಿಕೆ ಓದುವುದಿಲ್ಲ.

ಭಾವನ ಹತ್ತಿರ ಇರುವುದು 1965ರ ಫೆಂಡರ್ ಡೀಲಕ್ಸ್ ರಿವರ್ಬ್. 22 ವ್ಯಾಟ್, 12 ಇಂಚಿನ ಒಂದು ಸ್ಪೀಕರು, ಕಪ್ಪು ಮುಖ, ಒಂಬತ್ತು ವಾಲ್ವು. ವರ್ಷ ಹೇಳುವಾಗ ಭಾವ ದನಿ ತಗ್ಗಿಸುತ್ತಾರೆ. ಯಾಕೆಂದರೆ ಆ ವರ್ಷದ ಜನವರಿಯಲ್ಲೇ ಲಿಯೋ ಫೆಂಡರ್ ತಮ್ಮ ಕಂಪನಿಯನ್ನು ಸಿ.ಬಿ.ಎಸ್.ಗೆ 1 ಕೋಟಿ 30 ಲಕ್ಷ ಡಾಲರಿಗೆ ಮಾರಿದ್ದು. ಭಕ್ತರ ಪಂಚಾಂಗದಲ್ಲಿ ಕಲಿಯುಗ ಶುರುವಾದದ್ದು ಅವತ್ತು. ಪೆಟ್ಟಿಗೆಯ ಒಳಮೈಗೆ ಅಂಟಿಸಿದ ಚೀಟಿಯಲ್ಲಿ ಎರಡಕ್ಷರದ ಮೊಹರು ಇರುತ್ತದೆ. ಮೊದಲನೆಯದು ವರ್ಷ, ಎರಡನೆಯದು ತಿಂಗಳು. ಭಾವನದು 'ಓ.ಸಿ.', ಅಂದರೆ ಮಾರ್ಚ್ 1965. "ಮಾರಿ ಎರಡು ತಿಂಗಳಾಗಿತ್ತು ಅಷ್ಟೇ ಕಣಯ್ಯ. ಅಷ್ಟರಲ್ಲಿ ಸಾಮಾನೆಲ್ಲ ಬದಲಾಗಿರಲ್ಲ. ಒಳಗಿರೋ ಟ್ರಾನ್ಸ್‌ಫಾರ್ಮರು ಹಿಂದಿನ ವರ್ಷದ್ದು" ಎಂದು, ಸೂತಕದ ಲೆಕ್ಕ ಹಾಕುವ ಪುರೋಹಿತರ ಹಾಗೆ ಬೆರಳು ಮಡಿಸಿ ತೋರಿಸುತ್ತಾರೆ.

ಈ ಲಿಯೋ ಫೆಂಡರ್ ಫುಲರ್ಟನ್ ಎಂಬ ಊರಿನಲ್ಲಿ 1938ರಲ್ಲಿ ರೇಡಿಯೋ ರಿಪೇರಿ ಅಂಗಡಿ ತೆರೆದವರು. ಜಗತ್ತಿನ ಅರ್ಧ ಗಿಟಾರ್ ಸಂಗೀತ ಅವರ ಪೆಟ್ಟಿಗೆಗಳಿಂದ ಹೊರಟಿದ್ದರೂ ಅವರಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಆ ಪರಂಪರೆಯನ್ನು ಭಾವ ನಿಷ್ಠೆಯಿಂದ ಉಳಿಸಿಕೊಂಡು ಬಂದಿದ್ದಾರೆ.

ಹಾಗಂತ ಏನೂ ಬರುವುದಿಲ್ಲ ಎಂದಲ್ಲ. ಎಂಜಿನಿಯರಿಂಗ್ ಹಾಸ್ಟೆಲಿನಲ್ಲಿ ಕಲಿತ ಒಂದು ತುಣುಕು ಬರುತ್ತದೆ. ಅದರ ಮುಂದಿನದು ಬರುವುದಿಲ್ಲ. ನನಗೆ ಅದೂ ಬಾರದ ಕಾರಣ ಟೀಕೆಯನ್ನು ಇಲ್ಲಿಗೇ ನಿಲ್ಲಿಸುತ್ತೇನೆ.

ಭಾವನ ಸಿದ್ಧಾಂತ ಹೀಗಿದೆ. ಟ್ರಾನ್ಸಿಸ್ಟರಿಗೆ ಅದರ ತಾಕತ್ತಿಗಿಂತ ಹೆಚ್ಚು ಸದ್ದು ಕೊಟ್ಟರೆ ಅಲೆಯ ತಲೆಯನ್ನು ಕಚಕ್ಕನೆ ಕತ್ತರಿಸಿಬಿಡುತ್ತದೆ, ಕಿವಿಗೆ ಗರಗಸ. ವಾಲ್ವು ಹಾಗಲ್ಲ, ತಲೆಯನ್ನು ಮೆಲ್ಲಗೆ ಸವರಿ ಬಗ್ಗಿಸುತ್ತದೆ. ಸದ್ದು ಒಡೆಯುತ್ತದೆ, ಆದರೆ ಒಡೆದದ್ದೇ ಚೆಂದ. ಇದಕ್ಕೆ ಪುರಾಣದ ಆಧಾರವೂ ಇದೆ: 1951ರಲ್ಲಿ 'ರಾಕೆಟ್ 88' ಧ್ವನಿಮುದ್ರಣಕ್ಕೆ ಮೆಂಫಿಸ್‌ಗೆ ಬಂದ ತಂಡದ ಆಂಪು ದಾರಿಯಲ್ಲಿ ಪೆಟ್ಟು ತಿಂದಿತ್ತು, ಸ್ಪೀಕರಿಗೆ ಕಾಗದ ತುರುಕಿ ಹಾಗೇ ನುಡಿಸಿದರು. 1964ರಲ್ಲಿ ಕಿಂಕ್ಸ್ ತಂಡದ ಡೇವ್ ಡೇವಿಸ್ ತನ್ನ ಸ್ಪೀಕರಿನ ಕೋನನ್ನು ತಾನೇ ಬ್ಲೇಡಿನಲ್ಲಿ ಸೀಳಿದ. ಇದನ್ನು ಕೇಳಿದ ಅಕ್ಕ, "ಬ್ಲೇಡು ನನ್ನ ಹತ್ರಾನೂ ಇದೆ ರೀ" ಅಂದಳು.

ತೊಂದರೆ ಏನೆಂದರೆ, ಈ ಒಡೆದ ಸದ್ದು ಬರಬೇಕಾದರೆ ವಾಲ್ಯೂಮು ಆರು ದಾಟಬೇಕು. ಆರು ದಾಟಿದರೆ 22 ವ್ಯಾಟು ಕಿಟಕಿಯ ಗಾಜನ್ನು ನಡುಗಿಸುತ್ತದೆ. ಫ್ರೀಮಾಂಟಿನಲ್ಲಿ ಮನೆಗೂ ಮನೆಗೂ ನಡುವೆ ಒಂದು ಬೇಲಿ, ಆ ಕಡೆ ಮಧ್ಯಾಹ್ನ ಮಲಗುವ ಪಂಜಾಬಿ ತಾತ. ಆದ್ದರಿಂದ ಭಾವ ಯಾವಾಗಲೂ ಎರಡರಲ್ಲಿ ನುಡಿಸುತ್ತಾರೆ. ಎರಡರಲ್ಲಿ ಒಡೆಯುವುದು ಏನೂ ಇಲ್ಲ. ಯಾವ ಸದ್ದಿಗಾಗಿ ಕಾರಿನ ಬೆಲೆ ತೆತ್ತರೋ ಆ ಸದ್ದನ್ನು ಅವರು ತಮ್ಮ ಮನೆಯಲ್ಲಿ ಕೇಳುವ ಹಾಗಿಲ್ಲ.

ಕೇಳುವ ಆಸೆಗೇ ಒಮ್ಮೆ ನಮ್ಮ ಕನ್ನಡ ಸಂಘದ ಯುಗಾದಿಗೆ ಅದನ್ನು ಹೊತ್ತು ತಂದರು. ಹೊತ್ತವನು ನಾನು, ಸುಮಾರು 19 ಕಿಲೋ. ಮೈಕಿನ ಹುಡುಗ "ಅಂಕಲ್, ನಮ್ಮ ಸಿಸ್ಟಮ್ಮಿಗೇ ಹಾಕಿಬಿಡಿ" ಎಂದದ್ದಕ್ಕೆ ಭಾವ ಉತ್ತರ ಕೊಡಲಿಲ್ಲ, ಬರೀ ನೋಡಿದರು. ಈ ಆಂಪಿನೊಳಗೆ ಸದ್ದಿಗೆ ಗುಂಯ್ಗುಟ್ಟುವ ಗುಣ ಕೊಡಲು ಸ್ಪ್ರಿಂಗುಗಳಿರುವ ತಗಡಿನ ಪೆಟ್ಟಿಗೆಯೊಂದಿದೆ. ಆಂಪು ಚಾಲೂ ಇರುವಾಗ ಅದಕ್ಕೆ ಕಾಲು ತಗುಲಿದರೆ ಸಿಡಿಲು ಹೊಡೆದಂತಾಗುತ್ತದೆ. ಪ್ರಾರ್ಥನೆ ಮುಗಿದು ಅಧ್ಯಕ್ಷರು "ಎಲ್ಲರಿಗೂ" ಎನ್ನುತ್ತಿದ್ದಂತೆ ಬೇವು-ಬೆಲ್ಲದ ತಟ್ಟೆ ಹಿಡಿದು ಓಡಿ ಬಂದ ಹುಡುಗನೊಬ್ಬ ಎಡವಿದ. "ಶುಭಾಶಯ" ಯಾರಿಗೂ ಕೇಳಿಸಲಿಲ್ಲ.

ಇವೆಲ್ಲ ಸಹಿಸಬಹುದು. ಸಹಿಸಲಾಗದ್ದು ಆ ಪ್ರಶ್ನೆ. ಅದರ ಪೂರ್ತಿ ರುಚಿ ನಿಮಗೆ ಸಿಗಬೇಕಾದರೆ ಜಾಲಹಳ್ಳಿಯ ಕಥೆ ಹೇಳಬೇಕು.

ಇವತ್ತು ಗಿಟಾರ್ ಆಂಪಿನ ವಾಲ್ವು ಮಾಡುವುದು ಮುಖ್ಯವಾಗಿ ರಷ್ಯಾ, ಸ್ಲೊವಾಕಿಯಾ, ಚೀನಾ. 2022ರಲ್ಲಿ ಉಕ್ರೇನಿನ ಯುದ್ಧ ಶುರುವಾಗಿ ರಷ್ಯಾದ ವಾಲ್ವು ನಿಂತುಹೋಗುತ್ತದೆ ಎಂಬ ಸುದ್ದಿ ಬಂದಾಗ, ಉಳಿದವರು ಗೋಧಿ-ಪೆಟ್ರೋಲಿನ ಚಿಂತೆ ಮಾಡಿದರು, ಭಾವ 12ಎಎಕ್ಸ್7 ಎಂಬ ವಾಲ್ವಿನ ಚಿಂತೆ ಮಾಡಿದರು. ಆಗ ಅವರಿಗೆ ಹೊಳೆದದ್ದು ತವರೂರು. ಜಾಲಹಳ್ಳಿಯ ಬಿ.ಇ.ಎಲ್. ಒಂದು ಕಾಲದಲ್ಲಿ ವಾಲ್ವು ತಯಾರಿಸುತ್ತಿತ್ತು. ಅಮೆರಿಕದವರು 12ಎಎಕ್ಸ್7 ಎನ್ನುವ ವಾಲ್ವೇ ಯುರೋಪಿನ ಲೆಕ್ಕದಲ್ಲಿ ಇಸಿಸಿ83, ಅದರ ಬಿ.ಇ.ಎಲ್. ಮೊಹರಿನದಕ್ಕೆ ಈ ಜಾತಿಯವರಲ್ಲಿ ಇವತ್ತಿಗೂ ಗಿರಾಕಿಗಳಿದ್ದಾರೆ. ನಾನು ಊರಿಗೆ ಹೊರಟಿದ್ದೆ. "ಬರ್ತಾ ಎಸ್.ಪಿ. ರೋಡಲ್ಲಿ ಒಂದು ಸುತ್ತು ನೋಡ್ಕೊಂಡು ಬಾರಯ್ಯ" ಎಂದರು, ಕೊತ್ತಂಬರಿ ಸೊಪ್ಪು ತರಹೇಳುವ ಧಾಟಿಯಲ್ಲಿ.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಮೊದಲನೆಯ ಅಂಗಡಿಯವನು "ನಲ್ಲಿ ವಾಲ್ವಾ ಸಾರ್? ಮುಂದೆ ಹಾರ್ಡ್‌ವೇರ್ ಅಂಗಡಿ ಇದೆ" ಅಂದ. ಎರಡನೆಯವನು ಸಿ.ಸಿ.ಟಿ.ವಿ. ಕ್ಯಾಮೆರಾ ಮಾರಲು ನೋಡಿದ. ಕೊನೆಗೆ ಒಂದು ಸಂದಿಯಲ್ಲಿ, ಬಾಗಿಲಿಗಿಂತ ಸ್ವಲ್ಪವೇ ಅಗಲದ ಅಂಗಡಿಯಲ್ಲಿ, ಹಿರಿಯರೊಬ್ಬರು ಅಟ್ಟದಿಂದ ಬಿಸ್ಕತ್ತಿನ ಡಬ್ಬ ಇಳಿಸಿದರು. ಒಳಗೆ ಹಳದಿಗಟ್ಟಿದ ರಟ್ಟಿನ ಪುಟ್ಟ ಪೆಟ್ಟಿಗೆಗಳು. ಒಂದನ್ನು ಬಿಚ್ಚಿ, ಗಾಜಿನ ಮೇಲಿನ ಧೂಳನ್ನು ಅಂಗಿಯ ತುದಿಯಲ್ಲಿ ಒರೆಸಿ, ಬೆಳಕಿಗೆ ಹಿಡಿದರು. ಹೆಬ್ಬೆರಳ ಗಾತ್ರದ ಗಾಜಿನ ಕೊಳವೆ, ನೆತ್ತಿಯಲ್ಲಿ ಕನ್ನಡಿಯಂಥ ಬೆಳ್ಳಿ ಲೇಪ. "ನೆತ್ತಿ ಬೆಳ್ಳಗಾಗಿದ್ರೆ ಗಾಳಿ ಹೊಕ್ಕಿದೆ ಅಂತ. ಇದು ಇನ್ನೂ ಬೆಳ್ಳಿ. ಎಲ್ಲಾ ತಗೊಂಡ್ಹೋಗಿ ಸಾರ್, ನಂಗೂ ಜಾಗ ಆಗುತ್ತೆ" ಎಂದರು.

ವಾಲ್ವುಗಳು ನನ್ನ ಕಾಲುಚೀಲದೊಳಗೆ, ಕಾಲುಚೀಲ ಅಮ್ಮನ ಚಟ್ನಿಪುಡಿಗೂ ಸಾರಿನ ಪುಡಿಗೂ ನಡುವೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕಸ್ಟಮ್ಸಿನ ಅಧಿಕಾರಿ ಸೂಟ್‌ಕೇಸ್ ತೆಗೆಸಿದ. ಕಾಲುಚೀಲ ಅಲ್ಲಾಡಿಸಿದ, ಒಂದು ವಾಲ್ವು ಅಂಗೈಗೆ ಜಾರಿತು. ನನ್ನ ಎದೆ ಧಸಕ್ಕೆಂದಿತು. ಆತ ಅದನ್ನು ಬೆಳಕಿಗೆ ಹಿಡಿದು, ನೆತ್ತಿ ನೋಡಿ, ದನಿ ತಗ್ಗಿಸಿ "ಯಾವ ಆಂಪು?" ಎಂದು ಕೇಳಿದ. ಆತನೂ ಅದೇ ಜಾತಿ! ಹಿಂದೆ ನಿಂತ ಸಾಲು ಗೊಣಗುತ್ತಿದ್ದಂತೆ ತನ್ನ ಮನೆಯ ಆಂಪಿನ ಇಸವಿ, ಮೊಹರು, ಹೆಂಡತಿಯ ಅಭಿಪ್ರಾಯ ಎಲ್ಲವನ್ನೂ ಹೇಳಿ, ಚಟ್ನಿಪುಡಿಯತ್ತ ಕಣ್ಣೆತ್ತಿಯೂ ನೋಡದೆ ಕಳಿಸಿಕೊಟ್ಟ.

ಅವತ್ತು ರಾತ್ರಿ ಭಾವನ ಮನೆಯಲ್ಲಿ ಊಟ. ಅಕ್ಕ ಹುರುಳಿಕಾಯಿ ಹುಳಿ ಮಾಡಿದ್ದಳು. ಊಟಕ್ಕೆ ಮೊದಲು "ಒಂದೇ ಒಂದು ನಿಮಿಷ" ಎಂದು ಭಾವ ನನ್ನನ್ನು ಗ್ಯಾರೇಜಿಗೆ ಕರೆದೊಯ್ದರು. ಆಂಪು ಬಿಸಿಯಾಯಿತು. ಹಳೇ ವಾಲ್ವಿನಲ್ಲಿ ಆ ಹಾಸ್ಟೆಲ್ ತುಣುಕು ನುಡಿಸಿದರು. ಆರಿಸಿದರು, ತಣ್ಣಗಾಗಲು ಬಿಟ್ಟರು. ಮೊದಲನೆಯ ಗುಳಿಯ ವಾಲ್ವು ಕಿತ್ತು ಜಾಲಹಳ್ಳಿಯದನ್ನು ಕೂರಿಸಿ, ಮತ್ತೆ ಬಿಸಿ ಮಾಡಿ, ಅದೇ ತುಣುಕು. ಕಣ್ಣು ಮುಚ್ಚಿಕೊಂಡು, ತಲೆ ಓರೆ ಮಾಡಿ, ಬಂದೇ ಬಂತು: "ವ್ಯತ್ಯಾಸ ಗೊತ್ತಾಯ್ತಾ?"

ಈ ಪ್ರಶ್ನೆಗೆ ಇಲ್ಲ ಎಂದರೆ ಮತ್ತೊಮ್ಮೆ ನುಡಿಸುತ್ತಾರೆ. ಹೌದು ಎಂದರೆ ಏನು ವ್ಯತ್ಯಾಸ ಎಂದು ಕೇಳುತ್ತಾರೆ. ಒಳಗಿಂದ ಒಗ್ಗರಣೆಯ ವಾಸನೆ ಬರುತ್ತಿತ್ತು. ನಾನು ಗಂಭೀರವಾಗಿ, "ಹೌದು ಭಾವ. ಮೊದಲು ಸ್ವಲ್ಪ ಒಣ ಒಣ ಇತ್ತು. ಈಗ ಮೆತ್ತಗಾಗಿದೆ. ತುದಿಯಲ್ಲಿ ಒಂಥರಾ... ಘಮ" ಎಂದೆ. ಘಮ ಸಾರಿನ ಪುಡಿಯದು, ಕಾಲುಚೀಲದಿಂದ ಬರುತ್ತಿತ್ತು. ಭಾವನ ಕಣ್ಣು ತುಂಬಿಬಂತು. "ನಿನಗೆ ಕಿವಿ ಇದೆ ಕಣಯ್ಯ. ಬೆಂಗಳೂರಿನ ವಾಲ್ವು ಅಂದ್ರೆ ಬೆಂಗಳೂರಿನ ವಾಲ್ವೇ" ಎಂದರು.

ಅಷ್ಟರಲ್ಲಿ ಊಟಕ್ಕೆ ಕರೆಯಲು ಬಂದ ಅಕ್ಕನ ಮಗಳು, ಆಗ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದುತ್ತಿದ್ದವಳು, ಹಿಂದಿನಿಂದ ಬಗ್ಗಿ ನೋಡಿದಳು. "ಅಪ್ಪ, ಮೊದಲನೇ ವಾಲ್ವು ನಾರ್ಮಲ್ ಚಾನೆಲ್ದು. ಗಿಟಾರು ಹಾಕಿರೋದು ವೈಬ್ರೇಟೋ ಚಾನೆಲ್ಲಿಗೆ. ನೀನು ಬದಲಾಯಿಸಿದ್ರಲ್ಲಿ ಸೌಂಡು ಹೋಗ್ತಾನೇ ಇಲ್ಲ."

ಗ್ಯಾರೇಜಿನಲ್ಲಿ ಆಂಪಿನ ಗುಂಯ್ ಒಂದೇ ಕೇಳುತ್ತಿತ್ತು. ಭಾವ ಕೇಬಲ್ಲು ನೋಡಿದರು, ನನ್ನನ್ನು ನೋಡಿದರು, ಸ್ವಲ್ಪವೂ ಅಳುಕದೆ ಹೇಳಿದರು: "ಸಹವಾಸ ದೋಷ ಅಂತ ಇರೋ ಹಾಗೆ ಸಹವಾಸ ಗುಣಾನೂ ಇರುತ್ತಮ್ಮ. ಪಕ್ಕದಲ್ಲಿ ಒಳ್ಳೆಯವರು ಕೂತ್ರೆ ಉಳಿದವರೂ ಚೆನ್ನಾಗಿ ಹಾಡ್ತಾರೆ." ಇಂಥವರನ್ನು ವಾದದಲ್ಲಿ ಗೆದ್ದವರಿಲ್ಲ.

ಮಾರನೆಯ ವರ್ಷ ಅಮ್ಮ ಬಂದಿದ್ದಳು. ಭಾವ ಆಂಪು ಹಚ್ಚಿದಾಗ ಸೋಫಾದಲ್ಲಿ ಬತ್ತಿ ಹೊಸೆಯುತ್ತಿದ್ದವಳು ಮೂಗರಳಿಸಿ, "ಇದು ನಮ್ಮಪ್ಪನ ರೇಡಿಯೋ ವಾಸನೆ" ಎಂದಳು. ಕಾದ ಧೂಳು, ಕಾದ ಮೇಣ, ಹಳೇ ಮರ. ತಿಪಟೂರಿನ ಮನೆಯಲ್ಲಿ ಕಸೂತಿ ಬಟ್ಟೆ ಹೊದ್ದ ವಾಲ್ವ್ ರೇಡಿಯೋ ಇತ್ತಂತೆ. ಅಂಚೆ ಕಚೇರಿಯಲ್ಲಿ ಅದಕ್ಕೆ ಲೈಸೆನ್ಸ್ ಹಣ ಕಟ್ಟಬೇಕಿತ್ತಂತೆ. ವಾರ್ತೆ ತಪ್ಪಬಾರದೆಂದು ತಾತ ಮೊದಲೇ ಹಚ್ಚಿಡುತ್ತಿದ್ದರಂತೆ. ದನಿ ಬರುವವರೆಗೂ ಮನೆಯವರೆಲ್ಲ ಅದರ ಮುಂದೆ ಸುಮ್ಮನೆ ಕಾಯುತ್ತಿದ್ದರಂತೆ. "ನೀವೂ ಒಂದು ದೇವರನಾಮ ನುಡಿಸೀಪ್ಪ" ಎಂದಳು ಅಳಿಯನಿಗೆ.

ಭಾವ ತಡವರಿಸಿದರು. ಒಂದೊಂದೇ ತಂತಿ ಹುಡುಕಿಕೊಂಡು, ಎರಡು ಕಡೆ ತಪ್ಪಿ, ತಿದ್ದಿಕೊಂಡು, ಪುರಂದರದಾಸರದೊಂದನ್ನು ನುಡಿಸಿದರು. ಅಮ್ಮ ಮೆಲ್ಲಗೆ ಜೊತೆಗೂಡಿದಳು. ಭಾವ ಒಂದು ಹಾಡನ್ನು ಕೊನೆಯವರೆಗೆ ನುಡಿಸಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ವಾಲ್ಯೂಮು ಎರಡರಲ್ಲೇ ಇತ್ತು, ಸಾಕಾಗಿತ್ತು. ವ್ಯತ್ಯಾಸ ಗೊತ್ತಾಯ್ತಾ ಎಂದು ಯಾರನ್ನೂ ಕೇಳಲಿಲ್ಲ. ಕಾಯುವುದನ್ನೇ ಮರೆತ ಕಾಲದಲ್ಲಿ ಕಾಯಿಸುವ ಯಂತ್ರವೂ ಒಂದು ಮನೆಯಲ್ಲಿರಬೇಕೇನೋ ಎಂದು ನಾನು ತತ್ವಜ್ಞಾನಕ್ಕೆ ಇಳಿಯುವಷ್ಟರಲ್ಲಿ, ಪಂಚಮ ಹಿಡಿದಾಗ ಎಲ್ಲೋ ಜಿರ್ ಎಂದಿತೆಂದು ಭಾವ ಸ್ಕ್ರೂಡ್ರೈವರ್ ತಂದರು.

2019ರಲ್ಲಿ ಫೆಂಡರ್ ಕಂಪನಿಯೇ ಇದೇ ಡೀಲಕ್ಸಿನ ಡಿಜಿಟಲ್ ರೂಪ ಹೊರತಂದಿದೆ. ವಾಲ್ವಿಲ್ಲ, ಭಾರ ಹಳೆಯದರ ಅರ್ಧಕ್ಕೆ ಹತ್ತಿರ, ಕಾಲು ವ್ಯಾಟಿಗಿಂತ ಕೆಳಗೂ ಇಳಿಸಬಹುದು, ಪಂಜಾಬಿ ತಾತನಿಗೆ ತೊಂದರೆಯಿಲ್ಲ. ಮಗಳು ತನ್ನ ಮೊದಲ ಸಂಬಳದಲ್ಲಿ ಅಪ್ಪನಿಗೆ ಅದನ್ನೇ ಕೊಡಿಸಿದಳು. ಭಾವ ಈಗ ರಾತ್ರಿ ನುಡಿಸುವುದು ಅದರಲ್ಲೇ. ಆದರೆ ನುಡಿಸುವಷ್ಟು ಹೊತ್ತೂ ಹಳೆಯದನ್ನು ಪಕ್ಕದಲ್ಲಿ ಹಚ್ಚಿಟ್ಟಿರುತ್ತಾರೆ. ಯಾವ ತಂತಿಯೂ ಜೋಡಿಸಿರುವುದಿಲ್ಲ. ಕೇಳಿದರೆ, ಸಹವಾಸ ಗುಣ.

ಕೊನೆಗೊಂದು ವಿನಂತಿ. ನಿಮ್ಮ ಊರಿನಲ್ಲಿ ಗಣೇಶನ ಹಬ್ಬಕ್ಕೆ, ಮದುವೆಗೆ ಮೈಕ್‌ಸೆಟ್ ಬಾಡಿಗೆ ಕೊಡುತ್ತಿದ್ದ ಹಳೇ ಅಂಗಡಿಯಿದ್ದರೆ, ಅಟ್ಟದಲ್ಲಿ ವಾಲ್ವಿನ ಆಂಪ್ಲಿಫೈಯರ್ ಧೂಳು ತಿನ್ನುತ್ತಿದ್ದರೆ, ಗುಜರಿಗೆ ಹಾಕುವ ಮುಂಚೆ ಗಾಜಿನ ಮೇಲೆ ಇಸಿಸಿ83 ಎಂದಿದೆಯೇ, ಬಿ.ಇ.ಎಲ್. ಮೊಹರಿದೆಯೇ ಒಮ್ಮೆ ನೋಡಿ. ಭಾವ ಒಳ್ಳೆಯ ಬೆಲೆ ಕೊಡುತ್ತಾರೆ. ಹೊತ್ತು ತರುವುದಕ್ಕೆ ಮಾತ್ರ ಬೇರೆ ಯಾರನ್ನಾದರೂ ನೋಡಿಕೊಳ್ಳಿ.