ತ್ರಿಕೋನ ಯಂತ್ರ ಮೀಮಾಂಸೆ

ಶಾಸ್ತ್ರಗ್ರಂಥ ಯಾವುದೇ ಇರಲಿ, ಮೊದಲು ಅನುಬಂಧ ಚತುಷ್ಟಯ ಹೇಳಬೇಕೆಂಬುದು ಹಿರಿಯರ ಕಟ್ಟಳೆ. ವಿಷಯ: ಮಜ್ದಾ ಕಂಪನಿಯ ರೋಟರಿ ಎಂಜಿನ್ನಿನ ಸ್ಪೋರ್ಟ್ಸ್ ಕಾರು, ಅದರಲ್ಲೂ ಆರ್‌ಎಕ್ಸ್-8, ಅದರಲ್ಲೂ ಸೆಕೆಂಡ್ ಹ್ಯಾಂಡ್, ಅದರಲ್ಲೂ ‘ಗಾಡಿ ಓಡೇ ಇಲ್ಲ’ ಎಂಬ ಬಿರುದು ಹೊತ್ತದ್ದು. ಅಧಿಕಾರಿ, ಅಂದರೆ ಈ ವಿದ್ಯೆಗೆ ಅರ್ಹ: ಬೆಳಿಗ್ಗೆ ಕೆಲಸಕ್ಕೆ ಹೋಗಲು ಮನೆಯಲ್ಲಿ ಇನ್ನೊಂದು ಕಾರು ಇರುವವನು. ಸಂಬಂಧ: ಋಣಾನುಬಂಧ. ಋಣ ಬ್ಯಾಂಕಿನದು, ಅನುಬಂಧ ಮೆಕ್ಯಾನಿಕ್ಕಿನದು. ಪ್ರಯೋಜನ: ಇಲ್ಲ. ಇದನ್ನು ಮೊದಲ ಪುಟದಲ್ಲೇ ಒಪ್ಪಿಕೊಂಡ ಶಾಸ್ತ್ರ ಬಹುಶಃ ಇದೊಂದೇ.

ನಮ್ಮ ಕಡೆ ಮಜ್ದಾ ಎಂದರೆ ಸ್ವರಾಜ್ ಮಜ್ದಾ ವ್ಯಾನು. ಅದರ ಎಂಜಿನ್ನಿನಲ್ಲಿ ಪಿಸ್ಟನ್ನುಗಳು ಸಂಭಾವಿತರಂತೆ ಮೇಲೆ ಕೆಳಗೆ ಓಡಾಡಿಕೊಂಡಿರುತ್ತವೆ. ರೋಟರಿಯಲ್ಲಿ ಪಿಸ್ಟನ್ನೂ ಇಲ್ಲ, ವಾಲ್ವೂ ಇಲ್ಲ. ನಡು ಒತ್ತಿದ ಅಂಡಾಕಾರದ ಗೂಡಿನೊಳಗೆ ಉಬ್ಬಿದ ತ್ರಿಕೋನವೊಂದು ಗಿರಕಿ ಹೊಡೆಯುತ್ತದೆ. ಅದು ಒಂದು ಸುತ್ತು ಮುಗಿಸುವಷ್ಟರಲ್ಲಿ ನಡುವಿನ ಶಾಫ್ಟು ಮೂರು ಸುತ್ತು ಹಾಕಿರುತ್ತದೆ. ತ್ರಿಕೋನದ ಮೂರು ತುದಿಗಳಲ್ಲಿ ಒಂದೊಂದು ಪಟ್ಟಿ. ಹೆಸರು ಏಪೆಕ್ಸ್ ಸೀಲ್, ಉದ್ದ 80 ಮಿ.ಮೀ., ದಪ್ಪ 2 ಮಿ.ಮೀ. ಮಾಲೀಕನ ಸಕಲ ಸುಖದುಃಖಗಳೂ ಆ 2 ಮಿ.ಮೀ. ದಪ್ಪದಲ್ಲಿ ಅಡಗಿವೆ.

ಈ ಎಂಜಿನ್ ಎಷ್ಟು ಸಿ.ಸಿ.? ಇಲ್ಲಿ ಮತಭೇದವಿದೆ. ತಯಾರಕರ ಮತದಲ್ಲಿ ತ್ರಿಕೋನವೊಂದಕ್ಕೆ, ಅಂದರೆ ಒಂದು ರೋಟರಿಗೆ, 654ರಂತೆ ಒಳಗಿರುವ ಎರಡಕ್ಕೆ 1308. ಜಪಾನಿನ ವಾಹನ ತೆರಿಗೆಯವರು ಅದನ್ನು ಒಂದೂವರೆಯಿಂದ ಗುಣಿಸಿ 1962 ಎನ್ನುತ್ತಾರೆ. ತ್ರಿಕೋನದ ಮೂರೂ ಮುಖಗಳನ್ನು ಲೆಕ್ಕ ಹಿಡಿಯಬೇಕೆನ್ನುವ ತೀವ್ರವಾದಿಗಳ ಪ್ರಕಾರ 3924. ಮೂರು ಮತಾಚಾರ್ಯರನ್ನು ಕಂಡ ನಾಡಿನವರಿಗೆ ಇದರಿಂದ ಗಾಬರಿಯಾಗಬೇಕಿಲ್ಲ. ಪೆಟ್ರೋಲ್ ಬಂಕು ಮಾತ್ರ ಮೂರನೆಯ ಮತದ್ದು.

ಗುರುಪರಂಪರೆಯನ್ನು ಸಂಕ್ಷೇಪವಾಗಿ ಸ್ಮರಿಸೋಣ. ಮೂಲಪುರುಷ ಜರ್ಮನಿಯ ಫೆಲಿಕ್ಸ್ ವಾಂಕೆಲ್. ಇವರಿಗೆ ಡ್ರೈವಿಂಗ್ ಲೈಸೆನ್ಸ್ ಇರಲಿಲ್ಲ. ತಾನು ಹುಟ್ಟಿಸಿದ್ದನ್ನು ತಾನೇ ಓಡಿಸದ ಈ ವಿವೇಕವನ್ನು ಶಿಷ್ಯರಾರೂ ಅನುಸರಿಸಲಿಲ್ಲ. ಎನ್‌ಎಸ್‌ಯು ಕಂಪನಿ 1967ರಲ್ಲಿ ಆರ್‌ಒ 80 ಎಂಬ ಕಾರನ್ನು ಬಿಟ್ಟಿತು; ಮರುವರ್ಷಕ್ಕೆ ಅದು ಯುರೋಪಿನ ‘ವರ್ಷದ ಕಾರು’. ಸೀಲುಗಳು ಸವೆದು ವಾರಂಟಿಯ ಖರ್ಚು ಏರಿ, 1969ರಲ್ಲಿ ಕಂಪನಿಯೇ ಫೋಕ್ಸ್‌ವ್ಯಾಗನ್ನಿನ ತೆಕ್ಕೆಗೆ ಬಿತ್ತು. ಎದುರುಬದುರಾದ ಇಬ್ಬರು ಆರ್‌ಒ 80 ಮಾಲೀಕರು ಕೈ ಬೀಸುತ್ತಿರಲಿಲ್ಲವಂತೆ. ಬೆರಳೆತ್ತಿ ತೋರಿಸುತ್ತಿದ್ದರಂತೆ, ಈವರೆಗೆ ಎಷ್ಟನೆಯ ಎಂಜಿನ್ ಎಂದು. ಇದು ಐತಿಹ್ಯ, ಆದರೆ ಐತಿಹ್ಯವೂ ಒಂದು ಪ್ರಮಾಣವೆಂದು ಪೌರಾಣಿಕರು ಒಪ್ಪುತ್ತಾರೆ. ಅಮೆರಿಕದ ಜನರಲ್ ಮೋಟರ್ಸ್ ಪರವಾನಗಿ ಕೊಂಡು ಕೈಬಿಟ್ಟಿತು. ಸಿತ್ರೋಎನ್ ತಾನು ಮಾರಿದ ರೋಟರಿ ಕಾರುಗಳನ್ನು ತಾನೇ ವಾಪಸು ಕೊಂಡು ಗುಜರಿಗೆ ಹಾಕಿಸಿತು. ಉಳಿದದ್ದು ಹಿರೋಶಿಮಾದ ಮಜ್ದಾ. ಅಲ್ಲಿ ಕೆನಿಚಿ ಯಾಮಾಮೊಟೊ ಮತ್ತವರ ಬಳಗ, ಒಟ್ಟು 47 ಎಂಜಿನಿಯರುಗಳು, ಗೂಡಿನ ಒಳಗೋಡೆಯಲ್ಲಿ ಸೀಲುಗಳು ಕೊರೆಯುತ್ತಿದ್ದ ಗೀರುಗಳಿಗೆ ‘ದೆವ್ವದ ಉಗುರಿನ ಗುರುತು’ ಎಂದು ಹೆಸರಿಟ್ಟು, ವರ್ಷಗಟ್ಟಲೆ ಆ ದೆವ್ವದ ಬೆನ್ನು ಹತ್ತಿ, 1967ರಲ್ಲಿ ಕಾಸ್ಮೊ ಸ್ಪೋರ್ಟ್ ಕಾರನ್ನು ಹೊರತಂದರು. ದೆವ್ವ ಪೂರ್ತಿ ಬಿಟ್ಟಿತೆಂದು ಯಾರೂ ಹೇಳಿಲ್ಲ. 1991ರಲ್ಲಿ ನಾಲ್ಕು ರೋಟರಿನ 787ಬಿ ಕಾರು ಲ ಮಾನ್‌ನ 24 ಗಂಟೆಗಳ ಓಟ ಗೆದ್ದಿತು. ಗೆದ್ದಿತೆಂಬ ಹೊಟ್ಟೆಕಿಚ್ಚಿಗೇ ರೋಟರಿಯನ್ನು ನಿಷೇಧಿಸಿದರು ಎನ್ನುತ್ತಾರೆ ಭಕ್ತರು. ನಿಯಮ ಬದಲಾಗುವುದು ಅದಕ್ಕೂ ಮೊದಲೇ ನಿಶ್ಚಯವಾಗಿತ್ತು. ಭಕ್ತರೊಡನೆ ವಾದ ಬೇಡ.

ಈಗ ಪ್ರಧಾನ ಅಧಿಕರಣ. ಪೂರ್ವಪಕ್ಷ ಹೀಗಿದೆ: ಓಡೋಮೀಟರ್ 22,000 ಮೈಲಿ ತೋರಿಸುತ್ತಿದೆ, ಕಾರಿಗೆ ಹದಿನೈದು ವರ್ಷ ದಾಟಿದೆ, ಕಡಿಮೆ ಓಡಿದ್ದು ಕಡಿಮೆ ಸವೆದಿದೆ, ಕಡಿಮೆ ಸವೆದದ್ದು ಹೆಚ್ಚು ಬಾಳುತ್ತದೆ, ಆದ್ದರಿಂದ ಕೊಳ್ಳತಕ್ಕದ್ದು. ಕೇಳಲು ಇಂಪಾಗಿದೆ. ಟೊಯೊಟಾ ಕೊಳ್ಳುವವರಿಗೆ ಸಿಂಧುವೂ ಹೌದು.

ಉತ್ತರಪಕ್ಷ: ಪಿಸ್ಟನ್ ಕಾರು ಹೆಚ್ಚಾಗಿ ದೂರದಿಂದ ಸವೆಯುತ್ತದೆ, ರೋಟರಿ ಸಂಕೋಚದಿಂದ ಸವೆಯುತ್ತದೆ. ವರ್ಷಕ್ಕೆ ಸಾವಿರ ಚಿಲ್ಲರೆ ಮೈಲಿ ಓಡಿದೆ ಎಂದರೆ ಏನರ್ಥ? ತಣ್ಣಗಿದ್ದಾಗ ಸ್ಟಾರ್ಟ್ ಮಾಡಿ, ಹಾಲು ತರಲು ಹೋಗಿ, ಬಿಸಿಯಾಗುವ ಮೊದಲೇ ನಿಲ್ಲಿಸಿದ್ದಾರೆ. ಕಾರ್ಬನ್ ಕಟ್ಟಿ ಸೀಲುಗಳು ತಮ್ಮ ತೋಡಿನಲ್ಲೇ ಕಚ್ಚಿಕೊಂಡಿವೆ. ನೀರು ತಡೆಯುವ ರಬ್ಬರ್ ಸೀಲುಗಳಿಗೆ ಮೈಲಿ ಗೊತ್ತಿಲ್ಲ, ವಯಸ್ಸು ಗೊತ್ತು. ಆರ್‌ಎಕ್ಸ್-7ರ ಕೊನೆಯ ತಲೆಮಾರು ಕೊಳ್ಳುವ ಸಾಹಸಿಗಳಿಗಂತೂ ಎರಡು ಟರ್ಬೋಗಳ ನಡುವೆ ಹೆಣೆದುಕೊಂಡಿರುವ ವ್ಯಾಕ್ಯೂಮ್ ಪೈಪುಗಳು ಮುಟ್ಟಿದರೆ ಹಪ್ಪಳದಂತೆ ಮುರಿಯುತ್ತವೆ. ಟೈರಿನ ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿಗಳನ್ನು ಓದಿ: ಮೊದಲೆರಡು ವಾರ, ಕೊನೆಯೆರಡು ವರ್ಷ. ಗೀಟು ಸವೆಯದ ಟೈರು 2009ರದ್ದಾಗಿದ್ದರೆ ಅದು ಟೈರಲ್ಲ, ಪಳೆಯುಳಿಕೆ.

ಇದಕ್ಕಿಂತ ಸೂಕ್ಷ್ಮವಾದ ತೊಡಕೊಂದಿದೆ. ಅಮೆರಿಕದಲ್ಲಿ 2004ರಿಂದ 2008ರವರೆಗಿನ ಆರ್‌ಎಕ್ಸ್-8ಗಳ ಎಂಜಿನ್ ವಾರಂಟಿಯನ್ನು ಮಜ್ದಾ 8 ವರ್ಷ ಅಥವಾ 1,00,000 ಮೈಲಿಗೆ ಹಿಗ್ಗಿಸಿತು. ಆ ಅವಧಿಯಲ್ಲಿ ಎಷ್ಟೋ ಕಾರುಗಳಿಗೆ ಬೇರೆ ಎಂಜಿನ್ ಕೂತಿದೆ. ಹಾಗಾದರೆ ಓಡೋಮೀಟರ್ ಎಣಿಸುತ್ತಿರುವುದು ಯಾರ ಮೈಲಿ? ಆತ್ಮ ಹಳೆಯ ದೇಹ ಬಿಟ್ಟು ಹೊಸ ದೇಹ ಸೇರುತ್ತದೆಂದು ಗೀತೆ ಹೇಳುತ್ತದೆ. ಇಲ್ಲಿ ದೇಹವೇ ಕೂತಲ್ಲಿ ಕೂತು ಆತ್ಮ ಬದಲಿಸುತ್ತದೆ. ಎಂಜಿನ್ ಬದಲಾದ ಕಾಗದ ಇದ್ದರೆ ಅದು ದೋಷವಲ್ಲ, ಗುಣ. ಸರ್ವೀಸ್ ರಶೀದಿಗಳ ದಪ್ಪ ಕಟ್ಟಿನೊಂದಿಗೆ 80,000 ಮೈಲಿ ಓಡಿದ ಕಾರು, ಹೊದಿಕೆ ಹೊದ್ದು ಮಲಗಿದ್ದ 22,000ದ ಕಾರಿಗಿಂತ ಮೇಲು. ಸಿದ್ಧಾಂತ ಇಷ್ಟೇ. ಆದರೂ ಜನ ಎರಡನೆಯದಕ್ಕೇ ಹೆಚ್ಚು ದುಡ್ಡು ಕೊಡುತ್ತಾರೆ.

ಪ್ರಮಾಣ ವಿಚಾರಕ್ಕೆ ಬರೋಣ. ಮಾರುವವನ ಮಾತು ಶಬ್ದಪ್ರಮಾಣ. ಆಪ್ತವಾಕ್ಯವಾದರೆ ಮಾತ್ರ ಗ್ರಾಹ್ಯ, ಮಾರುವವನು ಆಪ್ತನಲ್ಲ. ಅನುಮಾನಕ್ಕೆ ತಾರ್ಕಿಕರ ಹಳೆಯ ಉದಾಹರಣೆ ಹೊಗೆ ಕಂಡರೆ ಬೆಂಕಿ ಇದೆಯೆಂಬುದು. ರೋಟರಿಯಲ್ಲಿ ಆ ವ್ಯಾಪ್ತಿಯೇ ಮುರಿದು ಬೀಳುತ್ತದೆ: ಬೀದಿ ತುಂಬ ಹೊಗೆ, ಒಳಗೆ ಬೆಂಕಿಯಿಲ್ಲ. ಪ್ರತ್ಯಕ್ಷ ಒಂದೇ ದಾರಿ, ಅದೆಂದರೆ ಕಂಪ್ರೆಶನ್ ಪರೀಕ್ಷೆ. ಸ್ಪಾರ್ಕ್ ಪ್ಲಗ್ ಬಿಚ್ಚಿ, ಆ ತೂತಿಗೆ ಮೀಟರ್ ಸಿಕ್ಕಿಸಿ, ಸ್ಟಾರ್ಟರ್ ಸುತ್ತಿಸಿದರೆ ತ್ರಿಕೋನದ ಮೂರು ಮುಖಗಳೂ ಸರದಿಯಂತೆ ಉಸಿರು ಒತ್ತುತ್ತವೆ. ಒಳ್ಳೆಯ ಎಂಜಿನ್ ‘ತಕಿಟ ತಕಿಟ ತಕಿಟ’ ಎಂದು ಶುದ್ಧ ತಿಶ್ರದಲ್ಲಿ ನಡೆಯುತ್ತದೆ. ಏಪೆಕ್ಸ್ ಸೀಲ್ ಹೋಗಿದ್ದರೆ, ಅದು ಎರಡು ಕೋಣೆಗಳ ನಡುವಿನ ಗೋಡೆಯಾದ್ದರಿಂದ, ಎರಡು ಅಕ್ಷರ ಒಟ್ಟಿಗೆ ನುಂಗಿಹೋಗುತ್ತವೆ. ಒಂದೇ ಅಕ್ಷರ ಮಂಕಾಗಿದ್ದರೆ ಸಂಶಯ ಸೈಡ್ ಸೀಲಿನ ಮೇಲೆ. ಮೃದಂಗದ ಎದುರು ಕೂತು ಅಭ್ಯಾಸವಿರುವವರಿಗೆ ಇಲ್ಲಿ ಸಹಜ ಅನುಕೂಲವಿದೆ.

ಇನ್ನೊಂದು ಪರೀಕ್ಷೆಗೆ ಮೀಟರೂ ಬೇಡ. ಅರ್ಧ ಗಂಟೆ ಓಡಿಸಿ, ನಿಲ್ಲಿಸಿ, ಐದು ನಿಮಿಷ ಹವಾಮಾನದ ಮಾತಾಡಿ, ಮತ್ತೆ ಸ್ಟಾರ್ಟ್ ಮಾಡಿ. ದಣಿದ ರೋಟರಿ ತಣ್ಣಗಿದ್ದಾಗ ಜಾಣನಂತೆ ಹೊತ್ತಿಕೊಂಡು, ಬಿಸಿಯಾಗಿದ್ದಾಗ ಮೊಂಡು ಹಿಡಿಯುತ್ತದೆ. ಆ ಐದು ನಿಮಿಷದಲ್ಲಿ ಮಾರುವವನಿಗೆ ಎಲ್ಲಿಗೋ ಹೋಗುವ ಅವಸರ ಬಂದರೆ ಅದೂ ಒಂದು ಪ್ರಮಾಣವೇ.

ಇಲ್ಲೊಂದು ಉಪಾಖ್ಯಾನ. ನ್ಯೂಜೆರ್ಸಿಯ ಒಬ್ಬ ಕನ್ನಡಿಗ ಇಂಥ ಕಾರು ಕೊಂಡು, ಚಕ್ರಕ್ಕೆ ನಿಂಬೆಹಣ್ಣಿಟ್ಟು ಪೂಜೆ ಮಾಡಿ, ತುಮಕೂರಿನ ಅಪ್ಪನಿಗೆ ವಿಡಿಯೋ ಕಾಲ್‌ನಲ್ಲಿ ತೋರಿಸಿದನೆನ್ನಿ.

‘ಎಷ್ಟು ಕೊಡುತ್ತೋ?’

‘ಏಳೂವರೆ ಕೊಡುತ್ತಪ್ಪಾ. ಇಳಿಜಾರಿದ್ರೆ ಎಂಟು.’

‘ಲಾರಿ ತಗೊಂಡ್ಯೇನೋ?’

‘ಇಲ್ಲಪ್ಪ, ಜಪಾನ್ ಕಾರು. ಆಯಿಲ್ ಸ್ವಲ್ಪ ಕುಡಿಯತ್ತೆ, ಅದು ಡಿಸೈನೇ ಹಾಗೆ.’

‘ನಮ್ಮ ಹಳೇ ಲೂನಾನೂ ಹಂಗೇ ಕುಡೀತಿತ್ತು ಕಣೋ. ಅದಕ್ಕೆ ಯಾರೂ ಪೂಜೆ ಮಾಡ್ಲಿಲ್ಲ.’

ತಂದೆಯವರ ಆಕ್ಷೇಪಕ್ಕೆ ಶಾಸ್ತ್ರದಲ್ಲಿ ಸಮಾಧಾನವಿಲ್ಲ.

ಕೊಂಡಾದ ಮೇಲೆ ಕರ್ಮಕಾಂಡ. ನಿತ್ಯಕರ್ಮಗಳು: ಎರಡು ಸಲ ಪೆಟ್ರೋಲ್ ಹಾಕಿಸಿದರೆ ಒಮ್ಮೆಯಾದರೂ ಡಿಪ್‌ಸ್ಟಿಕ್ ಎಳೆದು ನೋಡುವುದು. ಸೀಲಿಗೆ ಜಿಡ್ಡು ಬೇಕೆಂದು ಎಂಜಿನ್ ತಾನೇ ಆಯಿಲನ್ನು ಒಳಗೆ ಚಿಮುಕಿಸಿ ಸುಡುತ್ತದೆ, ಅದು ಸೋರಿಕೆಯಲ್ಲ, ನೈವೇದ್ಯ. ಬಿಸಿಯಾಗುವವರೆಗೆ ಮೆಲ್ಲಗೆ ಓಡಿಸುವುದು. ಬಿಸಿಯಾದ ಮೇಲೆ ದಿನಕ್ಕೊಮ್ಮೆ ಮುಳ್ಳನ್ನು ಕೆಂಪು ಗೆರೆಯವರೆಗೆ, 9,000ದ ಹತ್ತಿರಕ್ಕೆ ಏರಿಸುವುದು. ಕಾರ್ಬನ್ ಉದುರುತ್ತದೆಂಬುದು ಸಾಂಪ್ರದಾಯಿಕ ನಂಬಿಕೆ. ಪೊಲೀಸರಿಗೆ ಇದು ಆಚಾರವೆಂದು ವಿವರಿಸಿ ಗೆದ್ದವರಿಲ್ಲ. ಟ್ಯಾಂಕಿಗೆ ಟೂ-ಸ್ಟ್ರೋಕ್ ಆಯಿಲ್ ಬೆರೆಸುವವರು, ಬೆರೆಸದವರು; ಸಿಂಥೆಟಿಕ್ ಆಯಿಲ್‌ನವರು, ಸಾದಾ ಆಯಿಲ್‌ನವರು: ಈ ಪಂಥಗಳ ನಡುವೆ ಹೆಣ್ಣು ಕೊಟ್ಟು ತರುವುದೂ ಕಷ್ಟ.

ನೈಮಿತ್ತಿಕಗಳಲ್ಲಿ ಇಗ್ನಿಶನ್ ಕಾಯಿಲ್ ಒಂದನ್ನು ಮರೆಯಬಾರದು. ಕಾಯಿಲ್ ಸೊರಗಿದರೆ ಕಿಡಿ ಸೊರಗುತ್ತದೆ, ಸುಡದ ಪೆಟ್ರೋಲು ಸೈಲೆನ್ಸರಿನ ಕ್ಯಾಟಲಿಟಿಕ್ ಕನ್ವರ್ಟರ್ ಸೇರಿ ಉರಿಯುತ್ತದೆ, ಅದು ಕರಗಿ ಕಟ್ಟಿಕೊಂಡರೆ ಬಿಸಿ ಹೊರಹೋಗದೆ ಎಂಜಿನ್ನಿಗೇ ಮರಳುತ್ತದೆ, ಮುಂದಿನದು ಸೀಲು. ನೂರಿನ್ನೂರು ಡಾಲರ್ ಉಳಿಸಿದವನು ಐದಾರು ಸಾವಿರಕ್ಕೆ ಬರುವ ಮಾರ್ಗ ಇದೇ.

ನಿಷಿದ್ಧ ಕರ್ಮ ಒಂದೇ, ಆದರೆ ಘೋರ. ಭಾನುವಾರ ಬೆಳಿಗ್ಗೆ ಕಾರು ತೊಳೆಯಲೆಂದು ಗ್ಯಾರೇಜಿನಿಂದ ಹತ್ತಡಿ ಹೊರತಂದು ಆಫ್ ಮಾಡುವುದು. ತಣ್ಣನೆಯ ಎಂಜಿನ್ನಿಗೆ ಚಿಮ್ಮಿದ ದಟ್ಟ ಪೆಟ್ರೋಲು ಸೀಲಿನ ಜಿಡ್ಡು ತೊಳೆದು ಪ್ಲಗ್ ನೆನೆಸಿ ಕೂರುತ್ತದೆ. ತೊಳೆದು ಒರೆಸಿ ಕೀ ತಿರುಗಿಸಿದರೆ ಸ್ಟಾರ್ಟರ್ ಸಲೀಸಾಗಿ ಸುತ್ತುತ್ತದೆ, ಸಲೀಸಾಗಿಯೇ ಸುತ್ತುತ್ತಿರುತ್ತದೆ. ಆಗ ಆಕ್ಸಲರೇಟರನ್ನು ನೆಲಕ್ಕೆ ಒತ್ತಿ ಹಿಡಿಯಬೇಕು. ಹಾಗೆ ಮಾಡಿದಾಗ ಪೆಟ್ರೋಲ್ ಬರುವುದು ನಿಲ್ಲುತ್ತದೆ. ಬ್ಯಾಟರಿ ಉಳಿದಿದ್ದರೆ ಒಂದು ಕೆಮ್ಮು, ಇನ್ನೊಂದು ಕೆಮ್ಮು, ಆಮೇಲೆ ಪಕ್ಕದ ಮನೆ ಕಾಣದಷ್ಟು ಬಿಳಿ ಹೊಗೆ. ಪಕ್ಕದ ಮನೆಯವರು ಹೋಮವೆಂದು ತಿಳಿದರೆ ತಿದ್ದಬೇಕಿಲ್ಲ.

ಕಾಮ್ಯಕರ್ಮ, ಅಂದರೆ ಟರ್ಬೋ ಹಾಕಿಸುವುದು ಇತ್ಯಾದಿ, ಗೃಹಸ್ಥರಿಗೆ ಹೇಳತಕ್ಕದ್ದಲ್ಲ.

ಉಳಿದದ್ದು ಪ್ರಾಯಶ್ಚಿತ್ತ. ಒಂದು ದಿನ ‘ತಕಿಟ’ದಲ್ಲಿ ಎರಡಕ್ಷರ ಹೋಗುತ್ತದೆ. ಎಂಜಿನ್ ಇಳಿಸಿ, ಗೂಡು ಬಿಚ್ಚಿ, ಸೀಲು ಬದಲಿಸಿ ಮತ್ತೆ ಕಟ್ಟಿಸುವುದು ಶ್ರೌತಮಾರ್ಗ; ಊರಿಗೊಬ್ಬ ಮೆಕ್ಯಾನಿಕ್ಕಿಗೂ ಈ ವಿದ್ಯೆ ಬರುವುದಿಲ್ಲವಾದ್ದರಿಂದ ಸರದಿ ತಿಂಗಳುಗಟ್ಟಲೆ. ತಾಳ್ಮೆಗೆಟ್ಟ ಕೆಲವರು ರೋಟರಿಯನ್ನೇ ಕಿತ್ತು ಅಮೆರಿಕದ ವಿ8 ಎಂಜಿನ್ ಕೂರಿಸಿ ಮತಾಂತರವಾಗುತ್ತಾರೆ. ಕಾರು ಪ್ರತಿದಿನ ಸ್ಟಾರ್ಟ್ ಆಗುತ್ತದೆ, ಮನೆಯಲ್ಲಿ ಶಾಂತಿ ನೆಲೆಸುತ್ತದೆ. ಸುದ್ದಿ ತಿಳಿದ ಸಾಂಪ್ರದಾಯಿಕರು ತಕ್ಷಣ ಮನೆಗೆ ಬರುತ್ತಾರೆ, ಮತಾಂತರವನ್ನು ಕಟುವಾಗಿ ಖಂಡಿಸುತ್ತಾರೆ, ಕೊಟ್ಟ ಕಾಫಿ ಕುಡಿಯುತ್ತಾರೆ, ಹೊರಡುವಾಗ ಗ್ಯಾರೇಜಿನ ಮೂಲೆಯತ್ತ ನೋಡಿ ಕೇಳುತ್ತಾರೆ: ‘ಬಿಚ್ಚಿಟ್ಟಿರೋ ಎಂಜಿನ್ ಕೊಡ್ತೀರಾ? ಎಷ್ಟು ಓಡಿತ್ತು ಅಂದ್ರಿ?’